ಕೀಟದ ರಕ್ತದಲ್ಲಿ ಕೂಡಿಟ್ಟ ಪ್ರೋಟೀನು

ಪ್ರಶ್ನೆ: ಕೀಟವು ಹುಳು, ಕೋಶ, ಪತಂಗವಾಗಿ ಮಾರ್ಪಡುವಾಗ ಅದರ ರಕ್ತದ ಪ್ರೋಟೀನುಗಳೂ ಬದಲಾಗುತ್ತವೆಯೇ? ಅದನ್ನು ತಿಳಿಯುವುದು ಹೇಗೆ?

ಉತ್ತರ: ಖಂಡಿತ ಬದಲಾಗುತ್ತವೆ. ರೇಷ್ಮೆಹುಳುವು ಐದನೆಯ, ಅಂದರೆ ಕೊನೆಯ ಹಂತದಲ್ಲಿ ಎಡೆಬಿಡದೆ ಸೊಪ್ಪು ತಿನ್ನುತ್ತಿರುವಾಗ, ಅದರ ಕೊಬ್ಬಿನ ಅಂಗಾಂಶವು ಆರು ಉಪಘಟಕಗಳು ಕೂಡಿದ, ಸುಮಾರು 500 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಹೆಕ್ಸಾಮೆರಿನ್ ಎಂಬ ಸಂಗ್ರಹ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೋಶವಾಗುವ ಹೊತ್ತಿಗೆ ಅದೇ ಅಂಗಾಂಶ ಅವುಗಳನ್ನು ಮರಳಿ ಹೀರಿಕೊಂಡು ಕಣಗಳ ರೂಪದಲ್ಲಿ ಕೂಡಿಡುತ್ತದೆ. ಆಹಾರವೇ ಇಲ್ಲದ ಆ ಅವಸ್ಥೆಯಲ್ಲಿ ಪತಂಗದ ದೇಹ ಕಟ್ಟಲು ಬೇಕಾದ ಅಮೈನೋ ಆಮ್ಲಗಳು ಬಹುಮಟ್ಟಿಗೆ ಇಲ್ಲಿಂದಲೇ ಒದಗುತ್ತವೆ. ಕೀಟಶಾಸ್ತ್ರದಲ್ಲಿ ಇಷ್ಟು ಸೊಗಸಾದ ಏರ್ಪಾಡು ಅಪರೂಪವೆಂದೇ ನನ್ನ ಭಾವನೆ. ಹೆಣ್ಣುಗಳಲ್ಲಿ ಮುಂದೆ ಮೊಟ್ಟೆಗೆ ಬೇಕಾದ ವಿಟೆಲ್ಲೊಜೆನಿನ್ ಎಂಬ ಪ್ರೋಟೀನೂ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.

ಅಧ್ಯಯನಕ್ಕಾಗಿ ಹುಳುವಿನ ಹುಸಿಗಾಲನ್ನು (ಹೊಟ್ಟೆಯ ಭಾಗದ ಮೆತ್ತನೆಯ ಕಾಲನ್ನು) ಚುಚ್ಚಿ, ತೊಟ್ಟಿಕ್ಕುವ ದ್ರವವನ್ನು ಮಂಜುಗಡ್ಡೆಯಲ್ಲಿಟ್ಟ ನಳಿಕೆಗೆ ಹಿಡಿಯುತ್ತಾರೆ. ಫೀನಾಲ್ ಆಕ್ಸಿಡೇಸ್ ಕಿಣ್ವದಿಂದಾಗಿ ಅದು ಬೇಗನೆ ಕಪ್ಪಾಗುವುದರಿಂದ ನಳಿಕೆಯಲ್ಲಿ ಮೊದಲೇ ಆ ಕಿಣ್ವವನ್ನು ತಡೆಯುವ ಫಿನೈಲ್ ಥಯೋಯೂರಿಯಾ ಇರಬೇಕು. ಇಲ್ಲದಿದ್ದರೆ ಮಾದರಿ ಕೆಟ್ಟಂತೆಯೇ. ರಕ್ತಕಣಗಳನ್ನು ಬೇರ್ಪಡಿಸಿ ಉಳಿದ ದ್ರವವನ್ನು, ಪ್ರೋಟೀನುಗಳನ್ನು ಬಿಡಿ ಉಪಘಟಕಗಳಾಗಿಸಿ ತೂಕಕ್ಕೆ ತಕ್ಕಂತೆ ವಿದ್ಯುತ್ತಿನಿಂದ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಎಲೆಕ್ಟ್ರೋಫೊರೆಸಿಸ್‌ಗೆ ಒಳಪಡಿಸಿದರೆ, ಹೆಕ್ಸಾಮೆರಿನ್ ಉಪಘಟಕದ 80 ಕಿಲೋಡಾಲ್ಟನ್ ಆಸುಪಾಸಿನ ಪಟ್ಟಿ ಕೊನೆಯ ಹಂತದಲ್ಲಿ ದಪ್ಪವಾಗುತ್ತ ಹೋಗಿ ಕೋಶಾವಸ್ಥೆಯಲ್ಲಿ ತೆಳುವಾಗುವುದನ್ನು ಕಾಣಬಹುದು. ವಯಸ್ಸನ್ನು ಪೊರೆ ಕಳಚಿದ ದಿನದಿಂದ ಎಣಿಸಿ, ಗಂಡು ಹೆಣ್ಣುಗಳನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.