ಕಿವಿಯೊಳಗೆ ನಿಲ್ಲದ ಸೀಟಿ

ಪ್ರಶ್ನೆ: ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ದುಡಿದವನು ನಾನು. ಈಗ ಎರಡೂ ಕಿವಿಗಳಲ್ಲಿ ಹಗಲಿರುಳು ಸೀಟಿ. ಅಣ್ಣನಿಗೆ ಕಲಬುರಗಿಯಲ್ಲಿ ಡಯಾಲಿಸಿಸ್ ನಡೆದಿದೆ. ‘ಅವನ ಮುಂದೆ ನಿನ್ನದೇನು?’ ಎನ್ನುತ್ತಾರೆ ಮನೆಯವರು. ನಿದ್ದೆಗೆಟ್ಟ ರಾತ್ರಿ, ಅವನ ರೋಗವೇ ನನಗೆ ಬರಬಾರದಿತ್ತೇ ಎನಿಸಿ ನಾಚಿಕೆಯಾಗುತ್ತದೆ.
— ಓದುಗ, ಶಹಾಬಾದ್

ಉತ್ತರ: ನಾಚಿಕೆ ಬೇಡ. ಅಣ್ಣನ ಕಾಯಿಲೆಗೆ ರಕ್ತಪರೀಕ್ಷೆಯ ವರದಿಯಿದೆ. ನಿಮ್ಮ ಸೀಟಿ ನಿಮಗೊಬ್ಬರಿಗೇ ಕೇಳುತ್ತದೆ. ಮನೆಯವರು ಎಡವಿದ್ದು ಅಲ್ಲೇ. (ಡಯಾಲಿಸಿಸ್‌ಗೂ ನಡುವೆ ಬಿಡುವಿರುತ್ತದೆ ಎಂದು ಅವರಿಗೆ ಹೇಳಹೋಗಬೇಡಿ, ಜಗಳವಾದೀತು.) ಗದ್ದಲಕ್ಕೆ ಸತ್ತ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಸೀಟಿಯನ್ನೂ ತಗ್ಗಿಸಬಹುದು. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ರಾತ್ರಿ ಫ್ಯಾನ್ ತಿರುಗುತ್ತಿರಲಿ, ಪೂರ್ಣ ನಿಶ್ಶಬ್ದದಲ್ಲಿ ಸೀಟಿ ಜೋರಾಗುತ್ತದೆ. ಬದುಕೇ ಬೇಡವೆನಿಸಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.