ಕಂಕುಳ ಬೆವರಿಗೆ ಇಂಜೆಕ್ಷನ್: ಹದಿನೈದು ದಿನ ತಡೆದು ನೋಡಿ

ಪ್ರಶ್ನೆ: ಡಾಕ್ಟ್ರೇ, ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ತೊಟ್ಟ ರವಿಕೆ ಹನ್ನೊಂದು ಗಂಟೆಗೆಲ್ಲ ಕಂಕುಳಿಂದ ಪಕ್ಕೆಯವರೆಗೆ ತೊಯ್ದು ಹೋಗುತ್ತಿತ್ತು. ಎರಡೂ ಕಂಕುಳಿಗೆ ಬೆವರು ತಡೆಯುವ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಂಡು ಇವತ್ತಿಗೆ ಐದು ದಿನ. ಬಲಗಡೆ ಸ್ವಲ್ಪ ಕಡಿಮೆ, ಎಡಗಡೆ ಹಾಗೇ ಇದೆ, ನೀಲಿ ಕಲೆ ಬೇರೆ. ದುಡ್ಡು ದಂಡವಾಯಿತೇ?

ಉತ್ತರ: ಇಲ್ಲಮ್ಮ, ಲೆಕ್ಕ ನೋಡುವ ದಿನವೇ ಇನ್ನೂ ಬಂದಿಲ್ಲ. ಈ ಔಷಧಿ ಬೆವರಿನ ಗ್ರಂಥಿಯನ್ನು ಸುಡುವುದೂ ಇಲ್ಲ, ಒಣಗಿಸುವುದೂ ಇಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದರೆ ಮಾತ್ರ ಗ್ರಂಥಿ ಬೆವರುತ್ತದೆ. ಬೊಟಾಕ್ಸ್ ನರದ ತುದಿಯೊಳಗೆ ಸೇರಿಕೊಂಡು ಅದು ಹೊರಬೀಳದಂತೆ ಹಿಡಿಯುತ್ತದೆ. ಅದಕ್ಕೆ ದಿನಗಳು ಹಿಡಿಯುತ್ತವೆ. ಸಾಮಾನ್ಯವಾಗಿ 2ರಿಂದ 4 ದಿನಕ್ಕೆ ಬೆವರು ತಗ್ಗಲು ಶುರುವಾಗಿ, ಪೂರ್ತಿ ಗುಣ ತಿಳಿಯುವುದು ಎರಡು ವಾರಕ್ಕೆ. ಎರಡೂ ಕಡೆ ಒಂದೇ ದಿನ ಒಣಗಬೇಕೆಂದೇನಿಲ್ಲ.

ನೀಲಿ ಕಲೆ ಎಂದರೆ ಸೂಜಿ ಸಣ್ಣ ರಕ್ತನಾಳಕ್ಕೆ ತಾಗಿ ಚರ್ಮದಡಿ ರಕ್ತ ಇಳಿದಿದೆ ಅಷ್ಟೇ. ವಾರ, ಹತ್ತು ದಿನದಲ್ಲಿ ಹಳದಿಗೆ ತಿರುಗಿ ಮಾಯವಾಗುತ್ತದೆ. ಉಜ್ಜಬೇಡಿ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು. ಅಂಗಡಿ ಕೆಲಸಕ್ಕೆ ಮಾರನೇ ದಿನದಿಂದಲೇ ಅಡ್ಡಿಯಿಲ್ಲ. ಮೊದಲ 24 ಗಂಟೆ ಮಾತ್ರ ಜಿಮ್ಮು, ಸುಡುನೀರಿನ ಸ್ನಾನ, ಡಿಯೋಡರೆಂಟ್ ಬೇಡ ಎನ್ನುತ್ತೇವೆ. ನೀವು ಅದನ್ನು ದಾಟಿಯಾಗಿದೆ.

ಆದರೆ ಕಂಕುಳು ದಿನೇದಿನೇ ಹೆಚ್ಚು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ ಚುಚ್ಚಿದ ವೈದ್ಯರಿಗೆ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾಗುವುದು, ರೆಪ್ಪೆ ಜೋಲುವುದು ತೀರಾ ಅಪರೂಪ. ಕಂಡರೆ ಮಾತ್ರ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಓದುತ್ತಿದ್ದೇನೆ ಸರ್. ಇಂಜೆಕ್ಷನ್ ಆಗಿ ಮೂರು ವಾರ. ಕಂಕುಳ ನಡುವೆ ಪೂರ್ತಿ ಒಣಗಿದೆ. ಎದೆಯ ಕಡೆಯ ಅಂಚಿನಲ್ಲಿ ಮಾತ್ರ ನಾಣ್ಯದಷ್ಟಗಲ ಒದ್ದೆ. ಮತ್ತೆ ಪೂರ್ತಿ ಚುಚ್ಚಿಸಬೇಕಾ?

ಉತ್ತರ: ಪೂರ್ತಿ ಬೇಕಿಲ್ಲ. ಅಷ್ಟು ಜಾಗ ಸೂಜಿಗೆ ತಪ್ಪಿದೆ. ಬೆವರುವ ಜಾಗ ಕೂದಲಿರುವ ಜಾಗಕ್ಕೆ ಸರಿಯಾಗಿ ಹೊಂದುವುದಿಲ್ಲ, ಕೆಲವರಲ್ಲಿ ಅದರಾಚೆಗೂ ಚಾಚಿರುತ್ತದೆ. ಕೂದಲಿನ ಗುರುತು ಹಿಡಿದು ಚುಚ್ಚಿದರೆ ಆಗುವುದೇ ಹೀಗೆ. ಅದಕ್ಕೇ ಮೊದಲು ಬೆವರುವ ಜಾಗ ತೋರಿಸುವ ಅಯೋಡಿನ್ ಪರೀಕ್ಷೆ ಮಾಡಬೇಕು. ಈಗಲಾದರೂ ಕೇಳಿ ಮಾಡಿಸಿಕೊಳ್ಳಿ.

ಕೂದಲು ತೆಗೆದಿರಬೇಕು, ಹಿಂದಿನ ದಿನದಿಂದ ಡಿಯೋಡರೆಂಟ್ ಹಚ್ಚಿರಬಾರದು. ಬಿಸಿ ಕಾಫಿ, ಟೀ ಕುಡಿಯದೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಆಮೇಲೆ ಕಂಕುಳು ಒರೆಸಿ ಅಯೋಡಿನ್ ಬಳಿಯುತ್ತಾರೆ. ಅದು ಆರಿದ ಮೇಲೆ, ಅಡುಗೆಮನೆಯ ಕಾರ್ನ್‌ಫ್ಲೋರ್‌ನಂಥ ಪುಡಿ ಉದುರಿಸುತ್ತಾರೆ. ಸುಮಾರು 10 ನಿಮಿಷದಲ್ಲಿ ಬೆವರು ಹೊರಡುವ ಕಡೆಯೆಲ್ಲ ಕಡುನೀಲಿ ಚುಕ್ಕಿಗಳೆದ್ದು, ಒಂದಕ್ಕೊಂದು ಕೂಡಿ ಕಪ್ಪಗಾಗುತ್ತದೆ. ಒಣಗಿದ ಕಡೆ ಅಯೋಡಿನ್ನಿನ ಹಳದಿ ಹಾಗೇ ಉಳಿಯುತ್ತದೆ. ಆ ಕಪ್ಪು ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆದು ಅದರೊಳಗೇ ಚುಚ್ಚಬೇಕು. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬಿಳಿ ಶರ್ಟು ಹಾಕಿಕೊಂಡು ಹೋಗಬೇಡಿ, ಕಲೆ ಬೀಳುತ್ತದೆ.

ಬೊಟಾಕ್ಸ್‌ನ ಅಳತೆ ಒಂದು ಕಂಕುಳಿಗೆ 50 ಯೂನಿಟ್. 100 ಯೂನಿಟ್‌ನ ಸೀಸೆಗೆ 4 ಮಿ.ಲೀ. ಸಲೈನ್ ಸೇರಿಸಿ, 10ರಿಂದ 15 ಕಡೆ, 1ರಿಂದ 2 ಸೆಂ.ಮೀ. ಅಂತರದಲ್ಲಿ ಚುಚ್ಚುತ್ತಾರೆ. ಸೂಜಿ ಚರ್ಮದೊಳಗೆ ಸುಮಾರು 2 ಮಿ.ಮೀ. ಮಾತ್ರ ಇಳಿಯಬೇಕು. ಸರಿಯಾಗಿ ಬಿದ್ದರೆ ಆ ಕ್ಷಣ ಸೊಳ್ಳೆ ಕಚ್ಚಿದಂಥ ದದ್ದು ಏಳುತ್ತದೆ. ಅಂತರ ಹೆಚ್ಚಾದರೆ ನಡುವೆ ಒದ್ದೆ ಉಳಿಯುತ್ತದೆ. ತೀರಾ ಆಳಕ್ಕೆ, ಕೊಬ್ಬಿಗೆ ಹೋದರೆ ಔಷಧಿ ವ್ಯರ್ಥ. ನಿಮ್ಮ ನಾಣ್ಯದಗಲದ ಜಾಗಕ್ಕೆ ಕೆಲವೇ ಚುಚ್ಚು ಸಾಕಾಗಬಹುದು.

ಪ್ರಶ್ನೆ: ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ನಾಯಕನಹಟ್ಟಿ ಜಾತ್ರೆಗೆ ಮುಂಚೆ ಹಾಕಿಸಿಕೊಳ್ಳುವ ಯೋಚನೆಯಿದೆ. ಒಮ್ಮೆ ಹಾಕಿಸಿದರೆ ಎಷ್ಟು ದಿನ? ಬೆವರು ಒಳಗೇ ಉಳಿದು ತೊಂದರೆಯಾಗುವುದಿಲ್ಲವೇ?

ಉತ್ತರ: ಒಳಗೆ ಉಳಿಯುವುದಿಲ್ಲ. ತಡೆದಿರುವುದು ಬೆವರು ಹುಟ್ಟುವುದನ್ನೇ. ಮೈತುಂಬ ಲಕ್ಷಾಂತರ ಬೆವರಿನ ಗ್ರಂಥಿಗಳಿವೆ, ಕಂಕುಳಲ್ಲಿರುವುದು ಅದರಲ್ಲಿ ತೀರಾ ಸಣ್ಣ ಪಾಲು. ಉಳಿದ ಮೈ ಎಂದಿನಂತೆ ಬೆವರಿ ತಂಪು ಮಾಡಿಕೊಳ್ಳುತ್ತದೆ. ಕೆಲವರಿಗೆ ಬೇರೆ ಕಡೆ ಬೆವರು ಸ್ವಲ್ಪ ಹೆಚ್ಚಿದಂತೆ ಅನ್ನಿಸುವುದುಂಟು.

ಹೆಚ್ಚಿನವರಿಗೆ ಆರೇಳು ತಿಂಗಳು ಬರುತ್ತದೆ, ಕೆಲವರಿಗೆ ನಾಲ್ಕೇ ತಿಂಗಳು. ನರ ಮತ್ತೆ ಕೆಲಸ ಶುರುಮಾಡಿದಂತೆ ಬೆವರೂ ಮೆಲ್ಲಗೆ ಮರಳುತ್ತದೆ. ಆಗ ಮತ್ತೆ ಹಾಕಿಸಬಹುದು. ಜಾತ್ರೆಗೆ ಕನಿಷ್ಠ ಮೂರು ವಾರ ಮುಂಚೆ ಹಾಕಿಸಿ: ಎರಡು ವಾರ ಗುಣ ಹಿಡಿಯಲು, ಇನ್ನೊಂದು ವಾರ ಬಿಟ್ಟುಹೋದ ಜಾಗ ಸರಿಮಾಡಿಸಲು.

ಅದಕ್ಕೂ ಮೊದಲು ಎರಡು ಮಾತು. ಬೆವರು ಈಚೆಗೆ ಶುರುವಾಗಿದ್ದು, ಮೈತುಂಬ ಬರುತ್ತಿದ್ದರೆ, ರಾತ್ರಿ ಹಾಸಿಗೆ ನೆನೆಯುತ್ತಿದ್ದರೆ ಥೈರಾಯ್ಡ್, ಸಕ್ಕರೆ, ಕ್ಷಯದ ತಪಾಸಣೆ ಮೊದಲು. ಅದಿಲ್ಲದಿದ್ದರೆ ಶೇ. 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ರಾತ್ರಿ ಒಣ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆದು ನೋಡಿ. ಬಹಳ ಜನಕ್ಕೆ ಅದೇ ಸಾಕಾಗುತ್ತದೆ, ಖರ್ಚೂ ಕಡಿಮೆ. ಕೂದಲು ತೆಗೆದ ದಿನ ಹಚ್ಚಿದರೆ ಉರಿ ತಡೆಯಲಾಗದು. ಗರ್ಭಿಣಿಯರು, ಹಾಲೂಡಿಸುವವರು, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ ಇರುವವರು ಇಂಜೆಕ್ಷನ್ ಹಾಕಿಸಿಕೊಳ್ಳಬಾರದು. ಹಾಕಿಸಿಕೊಂಡವರು ಔಷಧಿಯ ಹೆಸರು, ಯೂನಿಟ್, ತಾರೀಖು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಬೊಟಾಕ್ಸ್‌ನ 50 ಯೂನಿಟ್ಟೂ ಅದೇ ಬಗೆಯ ಇನ್ನೊಂದು ಔಷಧಿಯಾದ ಡಿಸ್ಪೋರ್ಟ್‌ನ 50 ಯೂನಿಟ್ಟೂ ಒಂದೇ ಅಲ್ಲ. ಮುಂದಿನ ಸಲ ಬೇರೆ ಊರಲ್ಲಿ ಹಾಕಿಸಿದರೆ ಅಲ್ಲಿನ ವೈದ್ಯರು ಮೊದಲು ಕೇಳುವುದೇ ಆ ಚೀಟಿಯನ್ನು.