ವಿಕ್ಕನ್ ಚರ್ಚ್ ಎಂದರೇನು? ಅದು ಹೇಗೆ ನಡೆಯುತ್ತದೆ?

ವಿಕ್ಕಾ ಎಂಬುದು ಪ್ರಕೃತಿಯನ್ನು ಆರಾಧಿಸುವ ಒಂದು ಆಧುನಿಕ ಧರ್ಮ; ಅದರ ಅನುಯಾಯಿಗಳೇ ವಿಕ್ಕನ್ನರು. ಇಲ್ಲಿ ‘ಚರ್ಚ್’ ಎಂಬುದು ಅಮೆರಿಕದ ಕಾನೂನು ಮಾನ್ಯತೆಗಾಗಿ ಬಂದ ಹೆಸರು. ಕ್ರೈಸ್ತ ಮತಕ್ಕೂ ವಿಕ್ಕಾಕ್ಕೂ ನಂಟಿಲ್ಲ. ಬಹುತೇಕ ವಿಕ್ಕನ್ನರು ‘ಕವನ್’ ಎಂಬ ಪುಟ್ಟ, ಸ್ವತಂತ್ರ ಕೂಟಗಳಲ್ಲೋ ಒಂಟಿಯಾಗಿಯೋ ಆಚರಣೆ ನಡೆಸುತ್ತಾರೆ. ಮೇಲೆ ಪೋಪನಂಥ ಅಧಿಕಾರಿಯಿಲ್ಲ.

ಸೆಲೀನಾ ಫಾಕ್ಸ್ 1974ರಲ್ಲಿ ಆರಂಭಿಸಿದ ಸರ್ಕಲ್ ಸ್ಯಾಂಕ್ಚುಯರಿ ಎಂಬ ವಿಕ್ಕನ್ ಚರ್ಚನ್ನೇ ನೋಡಿ. ವಿಸ್ಕಾನ್ಸಿನ್ ರಾಜ್ಯದ ಬಾರ್ನೆವೆಲ್ಡ್ ಬಳಿಯ ಸುಮಾರು 200 ಎಕರೆ ಕಾಡುಗುಡ್ಡವೇ ಅದರ ದೇಗುಲ. ದಿಣ್ಣೆಯ ಮೇಲೆ ವೃತ್ತಾಕಾರವಾಗಿ ನಿಲ್ಲಿಸಿದ ಕಲ್ಲುಗಳ ನಡುವೆ, ಅಯನ ಮತ್ತು ವಿಷುವಗಳೂ ಸೇರಿದಂತೆ ಋತುಚಕ್ರದ ಎಂಟು ಹಬ್ಬಗಳನ್ನು ಆಚರಿಸುತ್ತಾರೆ. ದೀಕ್ಷೆ ಪಡೆದ ಪುರೋಹಿತರು ಮದುವೆ, ನಾಮಕರಣ, ಅಂತ್ಯಸಂಸ್ಕಾರ ನೆರವೇರಿಸುತ್ತಾರೆ. ಉಳಿದ ಕೆಲಸಗಳಿಗೆ ಸ್ವಯಂಸೇವಕರೇ ಆಧಾರ. ಅಲ್ಲೇ ಒಂದು ರುದ್ರಭೂಮಿಯೂ ಇದೆ. ಮೃತ ವಿಕ್ಕನ್ ಸೈನಿಕರ ಸಮಾಧಿಕಲ್ಲಿನ ಮೇಲೆ ಆ ಧರ್ಮದ ಚಿಹ್ನೆಯಾದ ಪಂಚಕೋನ ನಕ್ಷತ್ರ ಕೆತ್ತಲು ಅಮೆರಿಕ ಸರ್ಕಾರ ಒಪ್ಪಿದ್ದು 2007ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ.